ನಾ ಯುನಾನಿ ಕಲಿತದ್ದು

ಯುನಾನ ಅಂದ್ರ ಗ್ರೀಸ್ ದೇಶ. ನಿಜಾಮರ ಕಾಲದಾಗ ನಮ್ಮ ಕಲ್ಯಾಣದ ಸಾಲ್ಯಾಗ ಪಾಠ ಎಲ್ಲಾ ಉರ್ದುವಿನಾಗ. ಹಿಂಗಾಗಿ ನಮಗ ಅದು ಯುನಾನ. ಆ ದೇಶದ ಸುದ್ದಿ ತಗದಾಗೆಲ್ಲ ಏನಾರ ಒಂದು ಫಜೀತಿ ಆಗೇ ಆಗ್ತಿತ್ತು. ನನಗಂತೂ ಜೀವ ಹಾರ್ತಿತ್ತು. ಯಾಕಂದ್ರ ಮುಂದಿನ ಓದಿಗೆ ನನ್ನ ಹುಮನಾಬಾದಿಗೆ ಕಳಸೂದೋ, ನಮ್ಮೂರು ಮುಡಬ್ಯಾಗ ಕುರಿ ಹಿಂದ ಅಟ್ಟೂದೋ ಅಂತ ಅಪ್ಪ ಇನ್ನೂ ತೂಗಿ ನೋಡಾಕತ್ತಿದ್ದ.

ಅಫ್ಲಾತೂನ

"ಇವತ್ತು ಅಫ್ಲಾತೂನನ ಬಗ್ಗೆ ಹೇಳ್ತೀನಿ" ಅಂದ್ರು ಮಾಸ್ತರು. ಅಂದ್ರ ಪ್ಲೇಟೊ, ಯುನಾನದ ದೊಡ್ಡ ತತ್ವಜ್ಞಾನಿ. ಆದ್ರ ನಮ್ಮ ಕಡೆ ಅತೀ ಶಾಣ್ಯಾತನ ಮಾಡೋನ್ನ "ಬಂದಾ ನೋಡು ಅಫ್ಲಾತೂನ" ಅಂತ ಬೈತಾರ. ಸಾಲ್ಯಾಗ ಆ ಬೈಗಳ ನನಗೇ ಮೀಸಲು. ಇಡೀ ವರ್ಗ ನನ್ನ ಕಡೆ ತಿರುಗಿತು. ಹಿಂದಿನ ಸಾಲಿನವ ಎದ್ದು, "ಇವನ ಬಗ್ಗೆ ನಮಗೆಲ್ಲಾ ಗೊತ್ತದರಿ, ಮುಂದಿನ ಪಾಠ ಹೇಳ್ರಿ" ಅಂದ.

ಉಂಡ ಮ್ಯಾಲೋ, ಮೊದಲೋ?

"ನನ ಮಗ ಯುನಾನಿ ಕಲಿಯಾಕತ್ತಾನ" ಅಂತ ಅವ್ವ ಮುಡಬಿ ತುಂಬ ಹೇಳ್ಕೊಂಡು ಬಂದಿದ್ಲು. ನಮ್ಮ ಮಂದಿಗೆ ಯುನಾನಿ ಅಂದ್ರ ಹಕೀಮರ ಔಷಧ ಒಂದೇ. ಸೂಟಿಗೆ ಊರಿಗೆ ಹೋದ್ರ ಮನಿ ಮುಂದ ಕೆಮ್ಮು, ದಮ್ಮಿನ ಮುದುಕರ ಜಾತ್ರಿ!

"ಔಷಧ ಅಲ್ಲ ಆಯಿ, ನಾ ಕಲಿಯೂದು ಯುನಾನಿ ವಿಚಾರ" ಅಂತ ಮುಂದ ನಿಂತ ಮುದುಕಿಗೆ ಅಂದೆ.

ಮುದುಕಿ ಅಂಗೈ ಚಾಚಿದ್ಲು. "ಆತೇಳಪ್ಪ, ಅದನ್ನೇ ಕೊಡು. ಉಂಡ ಮ್ಯಾಲೆ ತಗೋಬೇಕೋ, ಮೊದಲೋ?"

ಕೈ ಎತ್ತೂದು

ಅಪ್ಪ ಇದನ್ನೆಲ್ಲಾ ನೋಡಿ, "ಕೆಮ್ಮಿಗೂ ಬರಲಾರದ ವಿದ್ಯಾ ಯಾಕ ಬೇಕು? ಕುರಿ ಕಾಯಲಿ" ಅಂದುಬಿಟ್ಟ. ಸುದ್ದಿ ತಿಳದು ಮಾಸ್ತರು ಬಿಸಲಾಗ ಮುಡಬಿತನಕ ಬಂದ್ರು. ಆ ಪುಣ್ಯಾತ್ಮನ್ನ ನೆನಸಿದ್ರ ಇವತ್ತಿಗೂ ನನ್ನ ಕಣ್ಣು ತುಂಬ್ತಾವ.

"ಯುನಾನದಾಗ ಒಬ್ಬರದೇ ಮಾತು ನಡೀತಿದ್ದಿಲ್ರಿ. ಎಲ್ಲಾರೂ ಕೂಡಿ, ಕೈ ಎತ್ತಿ ಫೈಸಲಾ ಮಾಡ್ತಿದ್ರು" ಅಂತ ಅಪ್ಪಗ ತಿಳಿಸಿ ಹೇಳಿದ್ರು.

ಒಲಿ ಮುಂದಿದ್ದ ಅವ್ವ ಪಟ್ಟನೆ ಕೈ ಎತ್ತಿದ್ಲು. "ಮಗ ಹುಮನಾಬಾದಿಗೆ ಹೋಗ್ಲಿ!"

"ತಡೀ. ಅಲ್ಲಿ ಹೆಂಗಸರೂ ಕೈ ಎತ್ತತಿದ್ರೇನ್ರಿ ಮಾಸ್ತರ್ರ?" ಅಂದ ಅಪ್ಪ.

ಮಾಸ್ತರಿಗೆ ಸುಳ್ಳು ಹೇಳಾಕ ಬರೂದಿಲ್ಲ. "ಇಲ್ರಿ... ಗಂಡಸರಷ್ಟೇ." ಅಪ್ಪ ಮೀಸಿ ತಿರುವಿದ.

ಅವ್ವ ಕಲಸಿದ ಹಿಟ್ಟಿನ ಪರಾತ ತಂದು ಅಪ್ಪನ ಮುಂದ ಇಟ್ಟು, "ಹಂಗಾದ್ರ ರೊಟ್ಟಿನೂ ಗಂಡಸರೇ ಬಡೀರಿ" ಅಂದು ಹೊರಗ ಹೋಗಿ ಕಟ್ಟಿ ಮ್ಯಾಲೆ ಕುಂತ್ಲು.

ಅಪ್ಪ ಹಿಟ್ಟು ನೋಡಿದ, ಒಲಿ ನೋಡಿದ, ಸಾವಕಾಶ ಕೈ ಎತ್ತಿದ. ನಾ ಹುಮನಾಬಾದಿಗೆ ಹೋಗಿ ನಾಕು ಅಕ್ಷರ ಕಲಿತದ್ದು ಅವ್ವಂದು, ಮಾಸ್ತರದು ಋಣ. ಅಪ್ಪಂದೂ ಅನ್ನಬೇಕು, ಕೈ ಎತ್ತಿದನಲ್ಲ!

ಎತ್ತಿದ ಕೈ ಇಳಸದ ಅಪ್ಪ ಮಾಸ್ತರ ಕಡೆ ಬಾಗಿ ಸಣ್ಣ ದನ್ಯಾಗ ಕೇಳಿದ: "ಅಲ್ರಿ, ಆ ಯುನಾನದ ಗಂಡಸರು ಊಟಕ್ಕ ಹ್ಯಾಂಗ ಮಾಡ್ತಿದ್ರು?"