ತಿಕೋಟಾದಿಂದ ತಂದ ನೆರಳು

ನನಗೆ ಟೋಪಿ ಹಾಕುವ ಅಂಗಡಿಯವನು ವಿಜಯಪುರದಲ್ಲಿ ಇನ್ನೂ ಹುಟ್ಟಿಲ್ಲ! ಬದನೆಕಾಯಿಯಿಂದ ಬೈಕಿನವರೆಗೆ ಚೌಕಾಸಿ ಮಾಡದೆ ನಾನು ಕೊಂಡದ್ದು ಯಾವುದೂ ಇಲ್ಲ. ಬಸ್ ಕಂಡಕ್ಟರನ ಹತ್ತಿರವೂ ಒಮ್ಮೆ ಪ್ರಯತ್ನಿಸಿ ನೋಡಿದ್ದೇನೆ. ಇಂಥ ಗೌತಮನೆಂಬ ನನ್ನ ಮುಂದೆ, ಈ ಬೇಸಿಗೆಯಲ್ಲಿ, ಅಂಗಡಿಯವನೊಬ್ಬ ಕಣ್ಣು ಮಿಟುಕಿಸದೆ "ಇಪ್ಪತ್ತೆಂಟು ಸಾವಿರ್ರೀ" ಎಂದ. ಯಾತಕ್ಕೆ? ನಮ್ಮ ಮನೆಯ ವರಾಂಡಕ್ಕೆ ಒಂದು ಬಿಸಿಲುಮರೆ ಕಟ್ಟಲಿಕ್ಕೆ! ಬೇಕಾದಾಗ ಬಿಚ್ಚಬಹುದಂತೆ, ಬೇಡವಾದಾಗ ಮಡಚಬಹುದಂತೆ.

ನಮ್ಮ ಮನೆ ಪಶ್ಚಿಮಕ್ಕೆ ಮುಖ ಮಾಡಿದೆ. ಮಧ್ಯಾಹ್ನ ವರಾಂಡಕ್ಕೆ ಬಂದು ಕೂರುವ ಸೂರ್ಯ, ಬೇಡದ ನೆಂಟನ ಹಾಗೆ, ಸಂಜೆಯವರೆಗೂ ಏಳುವುದಿಲ್ಲ. ನನ್ನ ಹೆಂಡತಿ ವಿಶಾಖಾಳ ಹೊಲಿಗೆ ಮಶೀನು ಇರುವುದೂ ಅಲ್ಲೇ. ಪಕ್ಕದ ಮನೆಯ ಆಶಾಬಿ ತಮ್ಮ ಮಗಳ ಮದುವೆಯ ಬಟ್ಟೆಯನ್ನೆಲ್ಲ ಆಕೆಗೇ ಹೊಲಿಯಲು ಕೊಟ್ಟಿದ್ದರು, ಜೊತೆಗೆ ಒಂದು ಎಚ್ಚರಿಕೆಯನ್ನೂ ಕೊಟ್ಟಿದ್ದರು: "ಬಿಸಲಿಗೆ ಬಣ್ಣ ಹಾರಿತಂದ್ರ ಬಜಾರದಾಗ ಹೊಲಿಯಾಕ ಕೊಡ್ತೀನಿ, ನೋಡ ಬೇಟಾ." ಆಶಾಬಿ ಹೋದರೆ ಓಣಿಯ ಗಿರಾಕಿಗಳೆಲ್ಲ ಅವರ ಹಿಂದೆಯೇ ಹೋಗುತ್ತಿದ್ದರು. ವಿಶಾಖಾಳಿಗೆ ನೆರಳು ಬೇಕೇ ಬೇಕಿತ್ತು.

"ನಾ ಏನ ಹೇಳ್ತೀನಂದ್ರ..." ಎಂದು ಆಕೆ ಶುರು ಮಾಡಿದಳು.

"ನೀ ಏನೂ ಹೇಳಬ್ಯಾಡ! ಅರ್ಧ ರೊಕ್ಕದಾಗ ಕಟ್ಟಸ್ತೀನಿ! ಓಣಿ ಮಂದಿ ಬಂದು ನೋಡಬೇಕು, ಹಂಗ!"

ಓಣಿಯ ಮಂದಿ ಬಂದು ನೋಡಿದ್ದು ನಿಜ. ಅದನ್ನು ಆಮೇಲೆ ಹೇಳುತ್ತೇನೆ.

ಭಾನುವಾರ ಬೈಕೇರಿ ತಿಕೋಟಾಕ್ಕೆ ಹೊರಟೆ. ಅಲ್ಲಿ ನನ್ನ ಹಳೆಯ ಸಹಪಾಠಿ ಬಸಗೊಂಡಪ್ಪ ದ್ರಾಕ್ಷಿ ಒಣಗಿಸಿ ಮಣೂಕ ಮಾಡುವ ಶೆಡ್ಡು ಕಟ್ಟುತ್ತಾನೆ. ತಿಕೋಟಾ, ಬಬಲೇಶ್ವರದ ತೋಟಗಳಲ್ಲಿ ಹಸಿರು ಜಾಳಿಗೆಯ ಉದ್ದುದ್ದ ಶೆಡ್ಡು ಕಂಡರೆ ಅದು ಬಹುತೇಕ ಅವನದೇ. ಶೆಡ್ಡಿನಲ್ಲೂ ನೆರಳು, ಬಿಸಿಲುಮರೆಯಲ್ಲೂ ನೆರಳು. ಇದಕ್ಕೆ ಬೇರೆ ವಿದ್ಯೆ ಯಾಕೆ ಬೇಕು?

"ಗಾಳಿ ಹೆಂಗ ಬೇಕೋ ಗೌತಮಾ?" ಎಂದು ಬಸಗೊಂಡಪ್ಪ ಕೇಳಿದ.

"ಜೋರ ಬೇಕು! ಮನ್ಯಾಕಿಗೆ ಶೆಕಿ ಆಗಬಾರದು."

"ಆತ ಬಿಡು. ಒಂದ ಹನಿ ನೀರು ಉಳೀಬಾರದು, ಹಂಗ ಗಾಳಿ ಹಾಯಸ್ತೀನಿ!"

ಆ ಮಾತು ಕೇಳಿದಾಗಲೇ ನಾನು ಬೈಕು ತಿರುಗಿಸಬೇಕಿತ್ತು. ನಾನೋ, ಮುಂಗಡ ಕೊಟ್ಟು ಬಂದೆ.

ಪೈಪು, ತಾಡಪತ್ರಿ, ಜಾಳಿಗೆ, ಕೂಲಿ ಎಲ್ಲ ಸೇರಿ ಹದಿಮೂರು ಸಾವಿರ! ಅರ್ಧಕ್ಕಿಂತ ಕಡಿಮೆ! ಎದೆಯುಬ್ಬಿಸಿ ಓಣಿಯಲ್ಲಿ ಸುಮ್ಮಸುಮ್ಮನೆ ಓಡಾಡಿದೆ. ನೆರಳು ಬಿದ್ದದ್ದು ಸುಳ್ಳಲ್ಲ. ಆದರೆ ಬಸಗೊಂಡಪ್ಪ ತನಗೆ ಗೊತ್ತಿದ್ದನ್ನೇ ನಿಷ್ಠೆಯಿಂದ ಕಟ್ಟಿದ್ದ. ಪಶ್ಚಿಮದ ಬಿಸಿಗಾಳಿಯೆಲ್ಲ ಅವನು ಬಿಟ್ಟಿದ್ದ ದೊಡ್ಡ ಬಾಯಿಯಿಂದ ಒಳಗೆ ನುಗ್ಗಿ ವರಾಂಡ ಪೂರ್ತಿ ಸುತ್ತಿ ಹೋಗುತ್ತಿತ್ತು. ಚಪಾತಿ ತಟ್ಟೆಯಿಂದ ಬಾಯಿಗೆ ಬರುವಷ್ಟರಲ್ಲಿ ಹಪ್ಪಳ! ಕತ್ತರಿಸಿಟ್ಟ ರವಿಕೆಯ ತೋಳುಗಳು ಗೋಡೆ ಹಾರಿ ಆಶಾಬಿಯ ಅಂಗಳಕ್ಕೆ ಹೋಗತೊಡಗಿದವು.

"ಏನ್ರೀ, ನನಗ ನೆರಳ ಮಾಡಿಸೀರೋ, ಮಣೂಕ ಮಾಡಾಕ ಹಾಕೀರೋ?" ಎಂದಳು ವಿಶಾಖಾ, ಒಡೆದ ತುಟಿಗೆ ಬೆಣ್ಣೆ ಸವರುತ್ತ.

"ಒಣಾ ಗಾಳಿ ಮೈಗೆ ಭಾಳ ಚಲೋ."

"ಕನ್ನಡಿ ನೋಡ್ಕೋರಿ. ನಿನ್ನೀತನಕ ಹಸೀ ದ್ರಾಕ್ಷಿ ಇದ್ರಿ!"

ಆ ವಾರವೇ ಒಂದು ಸಂಜೆ ಬಿರುಗಾಳಿ ಎದ್ದಿತು. ತೋಟದ ಶೆಡ್ಡಿನ ಕಂಬಗಳನ್ನು ನೆಲದಲ್ಲಿ ಆಳವಾಗಿ ಹುಗಿಯುತ್ತಾರೆ. ನಮ್ಮದು ಗೋಡೆಯ ಸಿಮೆಂಟನ್ನು ನಂಬಿ ನಿಂತಿತ್ತು. ಸಿಮೆಂಟು ಕೈಬಿಟ್ಟಿತು! ಚೌಕಟ್ಟು, ತಾಡಪತ್ರಿ ಎಲ್ಲ ವಿಮಾನದಂತೆ ಮೇಲೆದ್ದು ಆಶಾಬಿಯ ಮಾಳಿಗೆಯ ಮೇಲೆ ಇಳಿಯಿತು. ಇಳಿಯುವಾಗ ನೀರಿನ ಟಾಕಿಯ ಪೈಪು ಮುರಿಯಿತು, ಆ ನೀರು ಮದುವೆಗೆಂದು ಒಣಹಾಕಿದ್ದ ಶಾವಿಗೆಯ ಮೇಲೆ ಹರಿಯಿತು. ಓಣಿಯ ಮಂದಿಯೆಲ್ಲ ಬಂದು ನೋಡಿದರು! ಗೋಡೆ ಮೆತ್ತಲು ಗೌಂಡಿ, ಪ್ಲಂಬರ್, ಹೊಸ ಶಾವಿಗೆ ಎಂದು ನನ್ನ ಹದಿಮೂರು ಸಾವಿರ ಬೆಳೆಬೆಳೆದು ಮೂವತ್ತರ ಹತ್ತಿರ ಹೋಗಿ ನಿಂತಿತು.

ಆಶಾಬಿ ಸೆರಗು ಹಿಂಡಿಕೊಳ್ಳುತ್ತ ಬಂದರು. "ಬಟ್ಟಿ ಎಲ್ಲಾ ವಾಪಸ್ ಕೊಡ ಬೇಟಾ."

ವಿಶಾಖಾಳ ಮುಖ ಸಣ್ಣದಾಯಿತು. ಆದರೂ ಆಕೆ ಧೈರ್ಯವಾಗಿ, "ನಾಳಿ ಸಂಜೀತನಕ ತಡೀರಿ ಚಾಚಿ. ನೆರಳ ಆಗಲಿಲ್ಲಂದ್ರ ನಾನ ತಂದು ಕೊಡ್ತೀನಿ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ನೀವು ಒಂದು ಉಪಕಾರ ಮಾಡ್ರಿ. ಏನೂ ಮುಟ್ಟಬ್ಯಾಡ್ರಿ" ಎಂದಳು.

ಮಾರನೆಯ ದಿನ ನಾನು ಕಂಡದ್ದನ್ನು ಹೇಗೆ ಹೇಳಲಿ! ಆಕೆ ಬಜಾರಿನಿಂದ ದಪ್ಪ ಕ್ಯಾನ್ವಾಸು ತಂದಳು. ಸೀರೆಯೊಳಗಿನ ಪರಕಾರಕ್ಕೆ ಲಾಡಿಪಟ್ಟಿ ಹೊಲಿಯುತ್ತಾರಲ್ಲ, ಹಾಗೆಯೇ ಎರಡೂ ಅಂಚಿಗೆ ಪಟ್ಟಿ ಹೊಲಿದಳು. ಗೌಂಡಿಯಿಂದ ಎರಡು ಪೈಪುಗಳನ್ನು ಗೋಡೆಯಿಂದ ಹೊರಚಾಚುವಂತೆ ಗಟ್ಟಿಯಾಗಿ ಹಾಕಿಸಿ, ಪಟ್ಟಿಗಳನ್ನು ಅವುಗಳಿಗೆ ಪೋಣಿಸಿ, ಉದ್ದನೆಯ ಲಾಡಿ ಇಳಿಬಿಟ್ಟಳು. ಬಿಸಿಲು ಬಂದರೆ ಹರಡುವುದು. ಗಾಳಿ ಎದ್ದರೆ ಲಾಡಿ ಎಳೆದರಾಯಿತು, ನೆರಳೆಲ್ಲ ನೆರಿಗೆ ನೆರಿಗೆಯಾಗಿ ಗೋಡೆಗೆ ಸೇರಿಬಿಡುತ್ತದೆ! ಅಂಗಡಿಯವನು ಇಪ್ಪತ್ತೆಂಟು ಸಾವಿರ ಕೇಳಿದ ಕರಾಮತ್ತನ್ನು ನನ್ನ ಹೆಂಡತಿ ಒಂದು ಲಾಡಿಯಲ್ಲಿ ಮುಗಿಸಿದ್ದಳು. ಇಂಥವಳನ್ನು ಮನೆಯಲ್ಲಿಟ್ಟುಕೊಂಡು ನಾನು ತಿಕೋಟಾಕ್ಕೆ ಹೋಗಿದ್ದೆ! ನಿಜ ಹೇಳುತ್ತೇನೆ, ಹೆಮ್ಮೆಯಿಂದ ನನ್ನ ಕಣ್ಣು ತುಂಬಿ ಬಂತು.

ಸಂಜೆ ಆಶಾಬಿ ಬಂದವರು ಲಾಡಿಯನ್ನು ತಾವೇ ಎಳೆದು ನೋಡಿದರು, ಬಿಟ್ಟು ನೋಡಿದರು, ಮತ್ತೆ ಎಳೆದರು. ಬಟ್ಟೆಯ ಮಾತೇ ಎತ್ತಲಿಲ್ಲ.

"ಶಹಬ್ಬಾಸ್ ಬೇಟಾ! ಮದವಿಗೆ ಮಂದಿ ಬರ್ತಾರ, ನಮ್ಮ ಅಂಗಳಕ್ಕೂ ಒಂದು ಹಾಕಿ ಕೊಡು. ಎಷ್ಟ ಖರ್ಚಾಗತೈತಿ?"

ಖರ್ಚಿನ ವಿಷಯ ಬಂದ ಮೇಲೆ ನಾನು ಸುಮ್ಮನಿರಲಾದೀತೇ? ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ವಿಶಾಖಾ ಹಲ್ಲಿನಿಂದ ದಾರ ಕಡಿದು ಹೇಳಿದಳು:

"ಬಟ್ಟಿ, ಪೈಪು, ಹೊಲಿಗಿ ಸೇರಿ ಆರು ಸಾವಿರ, ಚಾಚಿ. ನಮ್ಮನಿಯವರು ಸಹಾಯಕ್ಕ ಬಂದ್ರ ಮೂವತ್ತು."

ಆಶಾಬಿ ಚೌಕಾಸಿಯನ್ನೇ ಮಾಡಲಿಲ್ಲ. "ಆರರದ್ದ ಹಾಕು ಬೇಟಾ. ಕೆಲಸ ಮುಗಿಯೂತನಕ ಅವರನ್ನ ನಮ್ಮ ಮನ್ಯಾಗ ಚಾ ಕೊಟ್ಟು ಕುಂಡ್ರಿಸಿಕೋತೀನಿ!"