ಬೀಗರ ಮನೆಗೆ ಬಿಳಿ ನಗು

ನಾಳೆ ಬೀಗರೆದುರು ಬಾಯ್ತುಂಬ ನಗಬೇಕು, ಆ ನಗು ಕಂಡು ಬೆಳಗಾವಿಯ ಟಿಳಕವಾಡಿಯವರು ತಮ್ಮ ಖಾನಾಪುರವನ್ನು ಜನ್ಮದಲ್ಲಿ ಮರೆಯಬಾರದು ಎಂದು ಗುರುಪುತ್ರಪ್ಪನವರು ಶನಿವಾರ ಬೆಳಿಗ್ಗೆ ಶಪಥ ಮಾಡಿದರು. ಭಾನುವಾರ ಮಗ ಸುಜಯನಿಗೆ ಕನ್ಯೆ ನೋಡುವುದಿತ್ತು. ಕಬ್ಬಿಣದ ಅಂಗಡಿಯಲ್ಲಿ ಇಷ್ಟು ವರ್ಷ ಕುಡಿದ ಚಹಾ, ಜಗಿದ ಅಡಿಕೆ ಎಲ್ಲವೂ ಅವರ ಹಲ್ಲಿನ ಮೇಲೆ ಕಾಯಂ ವಾಸ ಹೂಡಿದ್ದವು.

“ಇಲ್ಲೇ ಸ್ಟ್ಯಾಂಡ್ ಬಾಜೂಕ ಹಲ್ಲಿನ ಡಾಕ್ಟರ್ ಅದಾರಲ್ಲ,” ಎಂದರು ಹೆಂಡತಿ ಗಂಗಾದೇವಿ.

“ಅಲ್ಲಿ ಹೋದ್ರ ಸಂಜೀಕ ಊರಿಗೆಲ್ಲಾ ಗೊತ್ತಾಕ್ಕೈತಿ. ಬೆಳಗಾವಿಗೇ ಹೋಗ್ತೇನಿ.”

ಬೆಳಗಾವಿಯಲ್ಲಿ ಹಲ್ಲಿನ ಡಾಕ್ಟರ್ ಸಪ್ನಾ ಗುರುಪುತ್ರಪ್ಪನವರ ಬಾಯೊಳಗೆ ಕನ್ನಡಿ ಹಿಡಿದು ನೋಡಿದರು.

“ಮುಂದಿನ ಹಲ್ಲು ಸೊಟ್ಟ ಅದಾವ್ರಿ. ಅದಕ್ಕ ತಂತಿ ಹಾಕಬೇಕಾಕ್ಕೈತಿ.”

“ಹಾಕ್ರಿ. ನಾಳಿ ಹೊತ್ತಿಗೆ ನೆಟ್ಟಗಾಕ್ಕಾವಲ್ಲ?”

“ಕಾಕಾ, ಹಲ್ಲು ಸರೀಬೇಕಂದ್ರ ಒಂದೂವರಿ ವರ್ಷ ಬೇಕು.”

“ಅಷ್ಟೊತ್ತಿಗೆ ಮೊಮ್ಮಗನ ತೊಟ್ಟಲಾ ತೂಗತಿರ್ತೇನಿ. ಬಿಡ್ರಿ, ಬೆಳ್ಳಗರ ಮಾಡ್ರಿ.”

“ಬೆಳ್ಳಗ ಅಂದ್ರ ಸುಣ್ಣಾ ಬಳದಂಗ ಅಲ್ರಿ. ಮದ್ಲ ಸ್ವಚ್ಛ ಮಾಡಿ ಔಷಧ ಹಚ್ಚತೇನಿ. ಇದ್ದ ಬಣ್ಣಾ ಸ್ವಲ್ಪ ತಿಳಿ ಆಕ್ಕೈತಿ. ಎರಡು ದಿನಾ ತಣ್ಣಂದು ತಾಗಿದ್ರ ಜುಮ್ ಅಂತೈತಿ. ಅಲ್ಲೀತನಕಾ ಬಿಳಿ ಅಂಗಿಮ್ಯಾಲ ಕಲಿ ಬೀಳೂವಂಥಾದ್ದೇನೂ ತಿನಬ್ಯಾಡ್ರಿ.”

ಔಷಧ ಹಚ್ಚಿಸಿಕೊಂಡು ಬಂದ ಗುರುಪುತ್ರಪ್ಪನವರು ರಾತ್ರಿ ಮೊಸರನ್ನ ಉಂಡರು, ಬೆಳಿಗ್ಗೆ ಮತ್ತೆ ಮೊಸರನ್ನ ಉಂಡರು, ಚಹಾದ ವಾಸನೆಯನ್ನಷ್ಟೇ ದೂರದಿಂದ ಸೇವಿಸಿ ಟಿಳಕವಾಡಿ ತಲುಪಿದರು.

ಕನ್ಯೆಯ ತಂದೆ ಬಸಲಿಂಗಪ್ಪನವರು ತಾವೇ ಕಂದು ಬಣ್ಣದ ಸಿಹಿ ಕುಂದಾದ ತಟ್ಟೆ ಹಿಡಿದು ಬಂದರು. “ತಗೋರಿ ಬೀಗರ.”

“ಬ್ಯಾಡ್ರಿ.”

“ಅವಲಕ್ಕಿಯರ?” ಅವಲಕ್ಕಿ ಅರಿಶಿಣದಲ್ಲಿ ಹೊಳೆಯುತ್ತಿತ್ತು.

“ಒಲ್ಲೆರಿ.”

“ಚಹಾ?”

“ನೀರ ಸಾಕ್ರಿ.”

ಫ್ರಿಜ್ಜಿನ ನೀರು ಬಂತು. ಒಂದು ಗುಟುಕು ಒಳಹೋದದ್ದೇ ತಡ, ಹಲ್ಲಿನಿಂದ ಹೊರಟ ನೋವು ನೆತ್ತಿಯವರೆಗೆ ಏರಿತು. ಮುಖ ಹಾಗಲಕಾಯಿ ತಿಂದಂತಾಯಿತು. ಬಸಲಿಂಗಪ್ಪನವರ ಕೈಯ ತಟ್ಟೆ ಮೆಲ್ಲನೆ ಕೆಳಗಿಳಿಯಿತು. ಬೀಗರ ಮನೆಯ ಸಿಹಿ ಮುಟ್ಟಲಿಲ್ಲವೆಂದರೆ ಸಂಬಂಧ ಒಲ್ಲೆವೆಂದೇ ಅರ್ಥ. ಬಂದಾಗಿನಿಂದ ಎದುರು ಕೂತ ಕನ್ಯೆಯ ಮೇಲಿಂದ ಕಣ್ಣು ಕೀಳದಿದ್ದ ಸುಜಯ ಬಿಳಿಚಿಕೊಂಡ. ಗಂಗಾದೇವಿ ಗಂಡನ ಪಕ್ಕೆಗೆ ಮೊಣಕೈಯಿಂದ ತಿವಿದರು.

ಆಗ ಸಾಕ್ಷಿ ಎಂಬ ಆ ಕನ್ಯೆಯೇ ಎದ್ದು ನಿಂತಳು. “ಮಾಮಾರ, ನಾ ಮನಸಿಗೆ ಬರಲಿಲ್ಲಂದ್ರ ಬಾಯಿಬಿಟ್ಟ ಹೇಳ್ರಿ. ಕುಂದಾದ್ದೇನ ತಪ್ಪೈತಿ?”

ಗುರುಪುತ್ರಪ್ಪನವರ ಗುಟ್ಟು ಅಲ್ಲಿಗೆ ಕರಗಿತು.

“ಯವ್ವಾ, ನಿನ್ನಂಥಾ ಸೊಸಿ ಸಿಕ್ರ ನಮ್ಮ ಪುಣ್ಯಾ. ತಪ್ಪೆಲ್ಲಾ ಈ ಹಲ್ಲಿಂದು. ನಿಮ್ಮ ಮುಂದ ಚಂದಾಗಿ ನಗಬೇಕಂತ ಬೆಳ್ಳಗ ಮಾಡಸಾಕ ಡಾಕ್ಟರ್ ಕಡೆ ಹೋಗಿದ್ದೆ. ಬಣ್ಣದ್ದೇನೂ ತಿನಬ್ಯಾಡ್ರಿ ಅಂದಾರ.”

ಹೇಳಿ, ಬಾಯಿ ಅಗಲಿಸಿ ಆ ನಗುವನ್ನು ನಕ್ಕೇಬಿಟ್ಟರು.

ಬಸಲಿಂಗಪ್ಪನವರು ಕನ್ನಡಕ ಸರಿಮಾಡಿಕೊಂಡು, ಮುಂದೆ ಬಾಗಿ, ಹಲ್ಲುಗಳನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದರು. ಅವರ ಮುಖಕ್ಕೆ ಮತ್ತೆ ಕಳೆ ಬಂತು.

“ಇಷ್ಟೇ ಏನ್ರಿ? ನಾವು ಏನೋ ತಿಳ್ಕೊಂಡಿದ್ವಿ. ಚಲೋ ಆತು, ಮಾಡಿಸ್ಕೋರಿ. ಯಾವಾಗ ಬೆಳ್ಳಗ ಮಾಡ್ತಾರಂತ?”

ಗುರುಪುತ್ರಪ್ಪನವರು ಬಾಯಿ ಮುಚ್ಚಿದರು. ಗಂಗಾದೇವಿ ಕುಂದಾದ ತಟ್ಟೆಯನ್ನು ಗಂಡನ ಮುಂದೆ ಸರಿಸಿದರು.

“ತಿನ್ರಿ ಇನ್ನ.”