ನನ್ನ ಸಕ್ಕರೆಗೆ ಬೀದಿಯ ಮದ್ದು

ನಮ್ಮ ಬೀದಿಯಲ್ಲಿ ಯಾರಿಗಾದರೂ ಕಾಯಿಲೆ ಎಂದು ಗೊತ್ತಾದರೆ ಸಾಕು, ಡಾಕ್ಟರಿಗಿಂತ ಮೊದಲು ಸೊಪ್ಪು, ಬೀಜ, ಬೇರುಗಳು ಬಾಗಿಲಿಗೆ ಬಂದು ನಿಲ್ಲುತ್ತವೆ. ತಮಿಳುನಾಡಿನ ಎಡಪ್ಪಾಡಿಯಲ್ಲಿ ಕನ್ನಡ ಮಾತಾಡುವ ನೇಕಾರರ ಬೀದಿ ಇದು. ಒಂದು ಮನೆಯ ಮಗ್ಗ ಸದ್ದು ನಿಲ್ಲಿಸಿದರೆ ಏನಾಯಿತೆಂದು ಕೇಳಲು ಐದು ಜನ ಬರುತ್ತಾರೆ, ಬರುವಾಗ ಐದು ಮದ್ದು ತರುತ್ತಾರೆ.

ನನಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಗಿದ್ದು ಹೋದ ವರ್ಷ. ಡಾಕ್ಟರಮ್ಮ ರಿಪೋರ್ಟು ನೋಡಿ, "ಮೂರು ತಿಂಗಳು ಟೈಮ್ ಕೊಡ್ತೀನಿ. ಬಾಯಿ ಕಟ್ಟಿ ಸಕ್ಕರೆ ಇಳಿಸಿದರೆ ಮಾತ್ರೆಯಲ್ಲೇ ಮುಗಿಯುತ್ತೆ. ಇಲ್ಲಾಂದ್ರೆ ದಿನಾ ಇಂಜೆಕ್ಷನ್. ನಿಮ್ಮ ಹೊಟ್ಟೆಗೆ ನೀವೇ ಚುಚ್ಕೋಬೇಕು" ಎಂದರು. ನೂಲಿನ ಜೊತೆ ನನ್ನ ನಂಟು ನಲವತ್ತು ವರ್ಷದ್ದು. ಸೂಜಿ ಜೊತೆ ಒಂದು ದಿನದ ನಂಟೂ ಬೇಡ. ಹಾಗಾಗಿ ಯಾರು ಏನು ಕೊಟ್ಟರೂ ಬಾಯಿ ತೆರೆದೆ.

1. ಮೆಂತ್ಯ

ಮೊದಲು ಬಂದವಳು ಪಕ್ಕದ ಮನೆ ಅಕ್ಕ. ಕೈಯಲ್ಲಿ ಒಂದು ಲೋಟ, ಅದರಲ್ಲಿ ನೆನೆಸಿದ ಮೆಂತ್ಯ.

"ಲೇ ತಮ್ಮಾ, ದಿನಾ ಬೆಳಿಗ್ಗೆ ಬರೀ ಹೊಟ್ಟೇಲಿ ಇದ ಅಗಿದು ನುಂಗು. ಶುಗರ್ರು ಇಳೀತೈತೆ, ಮೊಣಕಾಲು ನೋವು ಓಯ್ತೈತೆ, ಕೂದ್ಲೂ ಉದುರಲ್ಲ."

ನನ್ನ ತಲೆಯಲ್ಲಿ ಉದುರಲು ಏನೂ ಉಳಿದಿರಲಿಲ್ಲ. ಆದರೂ ಅಗಿದೆ. ಒಂದು ವಾರ ಬಾಯೆಲ್ಲ ಕಹಿ, ಬೆವರಿಗೂ ಮೆಂತ್ಯದ ವಾಸನೆ. ಎಂಟನೆಯ ದಿನ ನೆನಪಾಯಿತು, ಅಕ್ಕನಿಗೂ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇದೆ.

"ಅಕ್ಕಾ, ನೀನೂ ದಿನಾ ಇದನ್ನೇ ತಿಂತೀಯಾ?" ಎಂದೆ.

"ಅಯ್ಯೋ, ನಾನಾ?" ಎಂದಳು ಅಕ್ಕ. "ಥೂ, ಯಾವನು ತಿಂತಾನೆ ಆ ಕಹೀನ!"

2. ನುಗ್ಗೆ ಸೊಪ್ಪು

ಆಮೇಲೆ ಯಾರದೋ ಫೋನಿನಲ್ಲಿ ಒಂದು ವಿಡಿಯೋ ಬಂತು. ನುಗ್ಗೆ ಸೊಪ್ಪಿನಲ್ಲಿ ಇಲ್ಲದ ಸತ್ತ್ವವೇ ಇಲ್ಲವಂತೆ. ಕಣ್ಣಿಗೆ, ರಕ್ತಕ್ಕೆ, ಮೂಳೆಗೆ, ಎಲ್ಲಕ್ಕೂ ಒಳ್ಳೆಯದಂತೆ. ನಮ್ಮ ಬೀದಿಗೆ ಇರುವುದು ಒಂದೇ ನುಗ್ಗೆ ಮರ, ಕೊನೆಯ ಮನೆ ತಾತನದು. ಮೊದಲ ದಿನ ನಾನೊಬ್ಬ ಹೋಗಿ ಒಂದು ಹಿಡಿ ಕಿತ್ತು ತಂದೆ. ಎರಡನೆಯ ದಿನ ಇಡೀ ಬೀದಿ ಹೋಯಿತು. ಕಾಯಿಲೆ ಇಲ್ಲದವರೂ ಮುಂದೆ ಬಂದರೆ ಇರಲಿ ಎಂದು ಕಿತ್ತರು.

ಹದಿನೈದು ದಿನದ ಮೇಲೆ ತಾತ ನನ್ನ ಮಗ್ಗದ ಮುಂದೆ ಬಂದು ಕೂತರು.

"ಏನ್ ತಾತ?" ಎಂದೆ.

"ಏನಿಲ್ಲಪ್ಪ. ಆ ವಿಡಿಯೋದಾಗೆ, ಮರ ಸೊರಗಿ ಓದ್ರೆ ಏನ್ ತಿನ್ನುಸ್ಬೇಕು ಅಂತ ಯೋಳವ್ರಾ ನೋಡು."

3. ರಾಗಿ

ನನ್ನ ಬಾಮೈದ ಪಾಪಿರೆಡ್ಡಿಪಟ್ಟಿ ಕಡೆ ಬೇಸಾಯ ಮಾಡುತ್ತಾನೆ. ಸುದ್ದಿ ಕೇಳಿದವನೇ ಒಂದು ಚೀಲ ರಾಗಿ ಹಿಟ್ಟು ಹೊತ್ತುಕೊಂಡು ಬಸ್ಸಿಳಿದ.

"ಬಾವಾ, ರಾಗಿ ತಿಂದವ ನಿರೋಗಿ. ನಮ್ಮೂರಾಗೆ ಒಬ್ಬನಿಗೂ ಶುಗರ್ ಇಲ್ಲ, ತಿಳ್ಕೋ."

"ಎಲ್ಲರೂ ಟೆಸ್ಟ್ ಮಾಡಿಸವ್ರಾ?"

"ಶುಗರ್ರೇ ಇಲ್ದವ್ರು ಟೆಸ್ಟ್ ಯಾಕೆ ಮಾಡಿಸ್ತಾರೆ ಬಾವಾ?"

ಅಂದಿನಿಂದ ದಿನಕ್ಕೆ ಎರಡು ಮುದ್ದೆ. ಹುರುಳಿ ಸಾರಿನ ಜೊತೆ ಚೆನ್ನಾಗಿಯೇ ಇಳಿಯುತ್ತಿತ್ತು. ತಿಂಗಳ ಕೊನೆಗೆ ಎದೆಯುಬ್ಬಿಸಿ ಡಾಕ್ಟರಮ್ಮನ ಮುಂದೆ ಕೂತೆ. ಅವರು ಚೀಟಿ ನೋಡಿ ಹುಬ್ಬು ಗಂಟಿಕ್ಕಿದರು.

"ಏರಿದೆಯಲ್ಲ! ಏನು ತಿಂತಾ ಇದೀರಿ?"

"ರಾಗಿ ಮುದ್ದೆ, ಮೇಡಂ. ದಿನಾ ಎರಡು."

"ಮತ್ತೆ ಅನ್ನ?"

"ಅದು ಮುದ್ದೆ ಆದ ಮೇಲೆ."

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ರಾಗಿ ಅನ್ನದ ಬದಲು ತಿನ್ನೋದು. ಅನ್ನದ ಜೊತೆ ಅಲ್ಲ" ಎಂದರು. ಈ ಒಂದು ಮಾತನ್ನು ಬಾಮೈದ ನನಗೆ ಹೇಳಿರಲೇ ಇಲ್ಲ. ಅಂದಿನಿಂದ ಅನ್ನ ಬಿಟ್ಟೆ, ಮುದ್ದೆಯೂ ಹೊತ್ತಿಗೆ ಅರ್ಧ ಆಯಿತು. ನಿಜ ಹೇಳಬೇಕೆಂದರೆ, ಅಳು ಬಂತು.

4. ಬರೀ ಹೊಟ್ಟೆ

ಎರಡನೆಯ ತಿಂಗಳ ಪರೀಕ್ಷೆಗೆ ಬರೀ ಹೊಟ್ಟೆಯಲ್ಲಿ ಬನ್ನಿ ಎಂದಿದ್ದರು. ನಾನು ಹಾಗೆಯೇ ಹೊರಟೆ. ಲ್ಯಾಬಿನ ಹುಡುಗಿ ರಬ್ಬರ್ ಪಟ್ಟಿ ಕಟ್ಟುತ್ತಾ, "ಏನೂ ಸಾಪ್ಪಿಡಲಿಲ್ಲ ತಾನೇ, ಅಣ್ಣಾ?" ಎಂದಳು. ನಾನು ಸೂಜಿ ಕಾಣದಂತೆ ಗೋಡೆ ಕಡೆ ತಿರುಗಿ ಕೂತಿದ್ದೆ.

"ಒಂದು ಅಗುಳೂ ಮುಟ್ಟಿಲ್ಲಮ್ಮ."

"ಕಾಫಿ, ಟೀ?"

"ಛೇ! ಬರೀ ಮೆಂತ್ಯ. ಆಮೇಲೆ ಎದುರು ಮನೆಯವರು ಹಾಗಲಕಾಯಿ ರಸ ಕೊಟ್ಟರು. ಬಸ್ ಸ್ಟಾಂಡಲ್ಲಿ ನಮ್ಮ ಚಿಕ್ಕಪ್ಪ ಸಿಕ್ಕಿ ಎರಡು ನೆಲ್ಲಿಕಾಯಿ ಕೈಗಿಟ್ಟರು. ಅಷ್ಟೇ."

ಹುಡುಗಿ ಪಟ್ಟಿ ಬಿಚ್ಚಿದಳು. "ನಾಳೆ ವಾಂಗ, ಬರೀ ಹೊಟ್ಟೇಲಿ ಬನ್ನಿ" ಎಂದಳು.

"ಅದೆಲ್ಲಾ ಊಟ ಅಲ್ಲಮ್ಮ, ಮದ್ದು!"

"ಅಣ್ಣಾ, ಅದು ನಿಮಗೆ ಗೊತ್ತು. ನಿಮ್ಮ ಹೊಟ್ಟೆಗೆ ಗೊತ್ತಿಲ್ಲ."

5. ಎರಡು ಪಾತ್ರೆ

ಕೊನೆಯ ಪರೀಕ್ಷೆಗೆ ನಾಲ್ಕು ದಿನ ಇತ್ತು. ನನ್ನ ಹೆಂಡತಿ ಎರಡು ದಿನ ತವರಿಗೆ ಹೊರಟಳು. ಮಗ್ಗಕ್ಕೆ ಏರಿಸುವ ಉದ್ದೆಳೆಯ ಹೊಸ ಹಾಸು ಬೇರೆ ಬಂದಿತ್ತು, ನಮ್ಮ ಬೀದಿಯ ಮಾತಿನಲ್ಲಿ ಪಾವು. ನಮ್ಮಲ್ಲಿ ಹಾಸಿನ ನೂಲನ್ನು ಬೆಳಗಿನ ತಂಪಿನಲ್ಲಿ ಬೀದಿಯುದ್ದಕ್ಕೂ ಎಳೆದು ಕಟ್ಟಿ ಗಂಜಿ ಬಳಿಯುತ್ತೇವೆ. ಅಕ್ಕಿ ಹಿಟ್ಟಿನ ಗಂಜಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಬಿದ್ದರೆ ಎಳೆ ಗಟ್ಟಿಯಾಗುತ್ತದೆ. ಗಂಜಿ ಕಾಯಿಸುವುದು ಹೆಂಡತಿಯ ಕೆಲಸ, ಬಳಿಯುವುದಷ್ಟೇ ನನ್ನದು.

ಅವಳು ಎರಡು ಪಾತ್ರೆ ಮುಚ್ಚಿಟ್ಟು, "ಒಲೆ ಪಕ್ಕದ್ದು ಸಾಮೆ ಗಂಜಿ, ನಿಮಗೆ. ಬಾಗ್ಲು ಪಕ್ಕದ್ದು ಪಾವಿಗೆ" ಎಂದು ಹೇಳಿ ಬಸ್ ಹತ್ತಿದಳು.

ಸಂಜೆ ಇರುವೆ ಬಂತು. ಎರಡೂ ಪಾತ್ರೆ ಎತ್ತಿ ಕಟ್ಟೆಯ ಮೇಲಿಟ್ಟೆ. ಆಮೇಲೆ ಯಾವುದು ಯಾವುದೆಂದು ಮರೆತೆ. ಎರಡೂ ಬೆಳ್ಳಗೆ, ಎರಡೂ ಮಂದ. ಸರಿ, ರುಚಿ ನೋಡಿದೆ. ಒಂದರಲ್ಲಿ ಮಜ್ಜಿಗೆ, ಬೆಳ್ಳುಳ್ಳಿ, ಉಪ್ಪು ಎಲ್ಲ ಹದವಾಗಿ ಬಿದ್ದಿತ್ತು. ಇನ್ನೊಂದು ಸಪ್ಪೆ, ಉಪ್ಪಿಲ್ಲ, ಎಣ್ಣೆ ಎಣ್ಣೆ. ಮೂರು ತಿಂಗಳ ಅನುಭವ ನನಗೆ ಒಂದು ಪಾಠ ಕಲಿಸಿತ್ತು. ಇಷ್ಟು ರುಚಿಯಾದದ್ದು ಮೈಗೆ ಒಳ್ಳೆಯದಾಗಿರಲು ಸಾಧ್ಯವೇ ಇಲ್ಲ.

ಮೂಗು ಹಿಡಿದುಕೊಂಡು ಸಪ್ಪೆಯದನ್ನು ಕುಡಿದೆ. ರುಚಿಯಾದದ್ದನ್ನು ಮರುದಿನ ಬೆಳಿಗ್ಗೆ ಹಾಸಿನ ನೂಲಿಗೆ ಬಳಿದೆ.

ಜೊತೆಗೆ ನೂಲು ಹಿಡಿದಿದ್ದ ಎದುರು ಮನೆಯವನು ಮೂಗೇರಿಸಿದ. "ಏನಣ್ಣಾ, ನಿನ್ ಪಾವಿನಾಗೆ ಬೆಳ್ಳುಳ್ಳಿ ವಾಸ್ನೆ ಬತ್ತೈತೆ?"

"ಬೆಳ್ಳುಳ್ಳಿ ಎಲ್ಲದಕ್ಕೂ ಒಳ್ಳೇದಪ್ಪ" ಎಂದೆ.

ಹೊತ್ತೇರುವಷ್ಟರಲ್ಲಿ ಬೀದಿಯ ಮೇಕೆಗಳು ಸಾಲಾಗಿ ನಿಂತು ನನ್ನ ಹಾಸನ್ನು ನೆಕ್ಕುತ್ತಿದ್ದವು. ಓಡಿಸಿದರೆ ಆ ತುದಿಗೆ ಹೋಗಿ ಅಲ್ಲಿಂದ ಶುರು ಮಾಡುತ್ತಿದ್ದವು.

ಹೆಂಡತಿ ಬಂದಾಗ ನೂಲಿನ ಗಂಜಿಯ ಪಾತ್ರೆ ಖಾಲಿ. ತಳವನ್ನೂ ಬಿಡದೆ ಕುಡಿದಿದ್ದೆ. "ಮೈ ಹಗುರ ಆಗಿದೆ ಕಣೇ" ಎಂದು ಬೇರೆ ಹೇಳಿದೆ. ಅವಳು ನೆಲದ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ನಗು ನಿಂತಿತು. "ಅಯ್ಯೋ, ಎಲ್ಲಾ ಅಕ್ಕಿ ಹಿಟ್ಟಲ್ವಾ! ನಾಡಿದ್ದು ಟೆಸ್ಟು. ಪಾಪ, ಮೂರು ತಿಂಗ್ಳಿಂದ ಕಹಿ ತಿಂತಾವ್ರೆ ಅಂತ ರುಚಿಯಾಗಿ ಮಾಡಿದ್ನಲ್ಲ, ಅದೇ ತಪ್ಪಾಯ್ತು" ಎಂದಳು. ನನಗೆ ಆಗಲೇ ಹೊಟ್ಟೆಯಲ್ಲಿ ಸೂಜಿ ಚುಚ್ಚಿದಂತಾಯಿತು.

ಪರೀಕ್ಷೆಯ ದಿನ ಇಬ್ಬರೂ ಹೋದೆವು. ಡಾಕ್ಟರಮ್ಮ ರಿಪೋರ್ಟನ್ನು ಎರಡು ಸಲ ಓದಿದರು. ನಾನು ಹೆಂಡತಿಯ ಸೆರಗು ಹಿಡಿದುಕೊಂಡಿದ್ದೆ, ನಾಚಿಕೆ ಏನೂ ಆಗಲಿಲ್ಲ.

"ಚೆನ್ನಾಗಿ ಇಳಿದಿದೆ. ಅನ್ನ ಬಿಟ್ಟಿದ್ದು ಕೆಲಸ ಮಾಡಿದೆ. ಇಂಜೆಕ್ಷನ್ ವೇಂಡಾಂ" ಎಂದರು. ನನಗೆ ಅವರ ಕಾಲಿಗೆ ಬೀಳೋಣ ಅನ್ನಿಸಿತು. ಅವರು ಹೆಂಡತಿಯ ಕಡೆ ತಿರುಗಿ, "ಈ ವಾರ ಬೆಳಿಗ್ಗೆ ಏನು ಕೊಟ್ರಿ?" ಎಂದು ಕೇಳಿದರು.

ಹೆಂಡತಿ ನನ್ನ ಮುಖ ನೋಡಿದಳು. "ಗಂಜಿ, ಮೇಡಂ."

"ರೊಂಬ ನಲ್ಲದು, ತುಂಬಾ ಒಳ್ಳೇದು. ಅದನ್ನೇ ಕಂಟಿನ್ಯೂ ಪಣ್ಣುಂಗ."

"ಸರಿಂಗ ಮೇಡಂ" ಎಂದು ತಲೆಯಾಡಿಸಿದಳು. ಆಮೇಲೆ ನನ್ನ ಕಿವಿಗೆ ಬಗ್ಗಿ ನಮ್ಮ ಕನ್ನಡದಲ್ಲಿ ಹೇಳಿದಳು: "ಮನೇಲಿ ಮಗ್ಗ ಇರೋಗಂಟ ನಿಮ್ಗೆ ಅದುಕ್ಕೇನೂ ಕೊರತೆ ಇಲ್ಲ ಬಿಡಿ."